ಐದು ಕಾರಿಡಾರ್, ಒಂದು ದಣಪೆ: ಸೆಮಿನಾರಿಗೆ ಯಾವುದನ್ನು ಆರಿಸಿಕೊಳ್ಳುವುದು?

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ‘ಮೇಡಂ, ಗಡಿ ದಾಟುವ ಕಾರಿಡಾರ್ ವಿಷಯ ತಗೊಂಡಿದ್ದೀನಿ. ಚಾಬಹಾರ್ ಮಾಡ್ಲಾ, ಸಿಪೆಕ್ ಮಾಡ್ಲಾ?’ ‘ಕೆಎಎಸ್ ಪ್ರಬಂಧಕ್ಕೆ ಯಾವುದನ್ನು ಓದಿದರೆ ಸಾಕು?’ ಕಾರಿಡಾರ್ ಅಂದರೆ ಇಲ್ಲಿ ಸರಕು, ಜನ ಬೇರೆ ದೇಶದ ನೆಲ ದಾಟಿ ಹೋಗುವ ದಾರಿ. ಚಾಬಹಾರ್ ಇರಾನಿನ ಬಂದರು, ಸಿಪೆಕ್ ಅಂದರೆ ಚೀನಾ–ಪಾಕಿಸ್ತಾನ ಆರ್ಥಿಕ ಕಾರಿಡಾರ್. ಈ ಸಲ ಹೊಸನಗರದ ಹುಡುಗಿಯೊಬ್ಬಳು ಐದು ಹೆಸರು ಬರೆದು ಕಳಿಸಿದಳು. ಕೆಳಗೆ, ‘ಒಂದಕ್ಕೆ ಟಿಕ್ ಹಾಕಿ ಕೊಡಿ ಮೇಡಂ’ ಅಂತ. ಟಿಕ್ ಹಾಕುವುದು ನನಗೆ ಅರೆಕ್ಷಣದ ಕೆಲಸ. ಆಮೇಲೆ ಆರು ವಾರ ಆ ವಿಷಯದ ಜೊತೆ ಕೂರಬೇಕಾದವಳು ಅವಳು. ಹಾಗಾಗಿ ಐದನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಆರಿಸುವುದು ನಿಮಗೇ ಬಿಟ್ಟಿದ್ದು.

ಅದಕ್ಕೂ ಮೊದಲು ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಅಳೆಯುವ ಕೋಲು ಸಿಗುವುದು ಅಲ್ಲೇ.

ಸಾಗರದ ಕಡೆ ನಮ್ಮ ತೋಟದಿಂದ ಟಾರು ರಸ್ತೆಗೆ ಬರಬೇಕಾದರೆ ಪಕ್ಕದವರ ಗದ್ದೆಯ ಅಂಚು ದಾಟಬೇಕು. ಅಲ್ಲೊಂದು ದಣಪೆ ಇದೆ. ಎರಡು ಕಲ್ಲುಕಂಬ, ಅದರ ತೂತುಗಳಿಗೆ ತೂರಿಸಿದ ಮೂರು ಬಿದಿರಿನ ಗಳ. ಅಪ್ಪನ ಕಾಲದಲ್ಲಿ ಗಳ ಸರಿಸಿ, ದಾಟಿ, ಮತ್ತೆ ಸರಿಸಿಟ್ಟು ಹೋಗುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಒಂದು ವರ್ಷ ಬೇಲಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಕೊನೆ ಕೊಯ್ಲಿನ ದಿನ ಕೊನೆಗೌಡ ಮರ ಹತ್ತಿಯಾಗಿತ್ತು. ಅಡಿಕೆ ಕೊನೆಗಳು ತೋಟದ ತುಂಬ ಬಿದ್ದಿದ್ದವು. ಪಿಕಪ್ ಬಂದು ರಸ್ತೆಯಲ್ಲಿ ನಿಂತಿತ್ತು. ಹೋಗಿ ನೋಡಿದರೆ ಮೂರೂ ಗಳಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಹೊಸ ಬೀಗ. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ಅಷ್ಟೂ ಅಡಿಕೆಯನ್ನು ತಲೆಹೊರೆಯಲ್ಲಿ ಹಳ್ಳದ ಕಡೆಯಿಂದ ಸುತ್ತಿಸಿ ತಂದೆವು. ಒಂದು ಹೊತ್ತಿನ ಕೆಲಸಕ್ಕೆ ಎರಡು ದಿನ ಹಿಡಿಯಿತು.

ನಮಗೆ ಊರ ಹಿರಿಯರು ಇದ್ದರು. ಅವರು ಕೂತು ಮಾತಾಡಿ ಬೀಗ ತೆಗೆಸಿದರು. ಅವರಿಂದ ಆಗದಿದ್ದರೆ ಕೋರ್ಟು ಇತ್ತು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ಹಕ್ಕೆಂದು, ತಡೆಯಿಲ್ಲದೆ, ಎಲ್ಲರಿಗೂ ಕಾಣುವಂತೆ ಓಡಾಡಿದ ದಾರಿಗೆ ಹಕ್ಕು ಹುಟ್ಟುತ್ತದೆ. ದೇಶಗಳಿಗೆ ಈ ಅನುಕೂಲ ಇಲ್ಲ. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದ 125ನೇ ವಿಧಿಯಲ್ಲಿ, ಕಡಲಿಲ್ಲದ ದೇಶಕ್ಕೆ ಕಡಲಿನವರೆಗೆ ಹೋಗಿಬರುವ ಹಕ್ಕು ಇದೆ ಎಂದೇನೋ ಬರೆದಿದೆ. ಆದರೆ ಯಾವ ಷರತ್ತಿಗೆ, ಯಾವ ದಾರಿಯಲ್ಲಿ ಎನ್ನುವುದನ್ನು ದಾರಿ ಕೊಡುವ ದೇಶದ ಜೊತೆಯೇ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಅಂದರೆ ಬೀಗ ಹಾಕಿದವರ ಹತ್ತಿರವೇ ಹೋಗಿ ಕೀಲಿ ಕೇಳಬೇಕು. ಕಾರಿಡಾರ್ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಯಾವ ಅಳತೆಯಲ್ಲಿ ನೋಡಬೇಕು?

ಮೊದಲನೆಯದು, ದಣಪೆ ಯಾರದು? ದಾರಿ ಎಷ್ಟು ಸಾವಿರ ಕಿಲೋಮೀಟರ್ ಎನ್ನುವುದಕ್ಕಿಂತ ಅದನ್ನು ಮುಚ್ಚುವ ಶಕ್ತಿ ಎಷ್ಟು ಜನರ ಕೈಯಲ್ಲಿದೆ ಎಂದು ಎಣಿಸಿ. ಕೆಲವೊಮ್ಮೆ ಆ ದಾರಿಯಲ್ಲಿ ಒಂದಂಗುಲ ನೆಲವೂ ಇಲ್ಲದವರ ಹತ್ತಿರ ಕೀಲಿ ಇರುತ್ತದೆ.

ಎರಡನೆಯದು, ನೆಲದ ಮೇಲೆ ಎಷ್ಟಿದೆ, ನಕ್ಷೆಯಲ್ಲಿ ಎಷ್ಟಿದೆ? ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಎರಡೂ ದಡದಲ್ಲಿ ರಸ್ತೆ ಇತ್ತು. ಸಂಜೆಯ ಕೊನೆಯ ಲಾಂಚ್ ಹೋದಮೇಲೆ ಮಾತ್ರ ದಾರಿ ಇರಲಿಲ್ಲ. ನಡುವೆ ಇದ್ದಿದ್ದು ಎರಡೂವರೆ ಕಿಲೋಮೀಟರ್‌ಗೂ ಕಡಿಮೆ ನೀರು, ಅಷ್ಟೆ.

ಮೂರನೆಯದು, ಬೇರೆ ದಾರಿ ಇದೆಯಾ? ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ದೊಡ್ಡ ವಾಹನ ಬಿಡದಿದ್ದಾಗ ಹುಲಿಕಲ್ ಘಾಟಿ ಹಿಡಿಯುತ್ತೇವಲ್ವಾ? ಅದೂ ಇಲ್ಲದವರ ಪಾಡು ಬೇರೆಯೇ.

ನಾಲ್ಕನೆಯದು ನಿಮ್ಮದೇ ಲೆಕ್ಕ. ಎಷ್ಟು ವಾರ ಇದೆ, ಇಂಗ್ಲಿಷ್ ದಾಖಲೆ ಓದಿ ಅರಗಿಸಿಕೊಳ್ಳುವ ಅಭ್ಯಾಸ ಇದೆಯಾ, ಕೇಳುವವರು ಯಾರು? ಇದರ ಜೊತೆಗೆ ನಾನು ಇನ್ನೊಂದನ್ನು ಯಾವಾಗಲೂ ನೋಡುತ್ತೇನೆ. ಆ ದಾರಿಗೂ ನಮ್ಮ ಊರಿಗೂ ಒಂದು ಎಳೆಯಾದರೂ ಸಂಬಂಧ ಇದೆಯಾ? ಇದ್ದರೆ ಹೇಳುವ ಮಾತಿಗೆ ಜೀವ ಬರುತ್ತದೆ.

ಚಾಬಹಾರ್ ಮತ್ತು ಉತ್ತರ–ದಕ್ಷಿಣ ಕಾರಿಡಾರ್

ಎಲ್ಲರೂ ಮೊದಲು ಕೇಳುವುದು ಇದನ್ನೇ. ಹಿನ್ನೆಲೆ ಸರಳ. ಅಫ್ಘಾನಿಸ್ತಾನಕ್ಕೂ ಮಧ್ಯ ಏಷ್ಯಾಕ್ಕೂ ನೆಲದ ಮೇಲೆ ಸರಕು ಕಳಿಸಲು ಭಾರತಕ್ಕೆ ಪಾಕಿಸ್ತಾನ ದಾರಿ ಬಿಡುವುದಿಲ್ಲ. 2010ರ ಒಪ್ಪಂದದಲ್ಲಿ ಅಫ್ಘಾನ್ ಲಾರಿಗಳು ವಾಘಾವರೆಗೆ ಸರಕು ತರಬಹುದಿತ್ತು. ವಾಪಸ್ ಹೋಗುವಾಗ ಭಾರತದ ಸರಕು ಹೇರಿಕೊಳ್ಳುವ ಹಾಗಿರಲಿಲ್ಲ. 2022ರಲ್ಲಿ 50,000 ಟನ್ ಗೋಧಿಗೆ ಮಾತ್ರ ವಿಶೇಷವಾಗಿ ದಾರಿ ಕೊಟ್ಟರು. ಹಾಗಾಗಿ ಭಾರತ ಹಳ್ಳದ ಕಡೆಯಿಂದ ಸುತ್ತಿ ಬರುವ ದಾರಿ ಹುಡುಕಿತು. ಅದೇ ಇರಾನಿನ ಚಾಬಹಾರ್ ಬಂದರು.

ಇದರಲ್ಲಿ ಕೆಲಸ ನಿಜಕ್ಕೂ ಆಗಿದೆ. ಅಫ್ಘಾನಿಸ್ತಾನದ ಒಳಗೆ ಝರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿಲೋಮೀಟರ್ ರಸ್ತೆಯನ್ನು ನಮ್ಮ ಗಡಿ ರಸ್ತೆ ಸಂಸ್ಥೆ 2009ರ ಹೊತ್ತಿಗೆ ಮಾಡಿ ಮುಗಿಸಿತು. ಆ ಕೆಲಸದಲ್ಲಿ ಪ್ರಾಣ ಕಳೆದುಕೊಂಡ ಭಾರತೀಯರಿದ್ದಾರೆ. 2016ರಲ್ಲಿ ಮೂರು ದೇಶಗಳ ಒಪ್ಪಂದವಾಯಿತು. 2018ರ ಕೊನೆಯಲ್ಲಿ ಬಂದರಿನ ಒಂದು ಟರ್ಮಿನಲ್ ನಡೆಸುವುದನ್ನು ಭಾರತ ವಹಿಸಿಕೊಂಡಿತು. 2024ರ ಮೇ ತಿಂಗಳಲ್ಲಿ 10 ವರ್ಷದ ಕರಾರಾಯಿತು.

ಹಾಗಾದರೆ ದಣಪೆ ಯಾರದು? ಇರಾನಿನದು ಅಂತ ಉತ್ತರ ಬರೆದರೆ ಅರ್ಧ ಅಂಕ. ಅಮೆರಿಕದ ನಿರ್ಬಂಧಗಳಿಂದ ಚಾಬಹಾರ್‌ಗೆ 2018ರಲ್ಲಿ ವಿನಾಯಿತಿ ಸಿಕ್ಕಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಅಮೆರಿಕ ಅದನ್ನು ತೆಗೆಯಿತು. ಮುಂದಿನ ತಿಂಗಳೇ ಆರು ತಿಂಗಳ ಮಟ್ಟಿಗೆ ಮತ್ತೆ ಕೊಟ್ಟಿತು. ಸಾವಿರಾರು ಮೈಲಿ ದೂರ ಕೂತವರ ಹತ್ತಿರ ಒಂದು ಕೀಲಿ ಇದೆ. ಇನ್ನೊಂದು ಕೀಲಿ 2021ರಿಂದ ತಾಲಿಬಾನ್ ಕೈಯಲ್ಲಿದೆ.

ಉತ್ತರ–ದಕ್ಷಿಣ ಕಾರಿಡಾರ್ ಇದಕ್ಕೆ ಹೊಂದಿಕೊಂಡಿದ್ದು. ಭಾರತ, ಇರಾನ್, ರಷ್ಯಾ 2000ದ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದವು. ಭಾರತದಿಂದ ಇರಾನ್ ದಾಟಿ ರಷ್ಯಾಕ್ಕೆ ಸುಮಾರು 7,200 ಕಿಲೋಮೀಟರ್. ಇರಾನಿನ ರಶ್ತ್‌ನಿಂದ ಅಸ್ತಾರಾವರೆಗಿನ 162 ಕಿಲೋಮೀಟರ್ ರೈಲು ಹಳಿಗೆ ರಷ್ಯಾ ಮತ್ತು ಇರಾನ್ ಒಪ್ಪಂದ ಮಾಡಿಕೊಂಡಿದ್ದು 2023ರಲ್ಲಿ. 7,200ರಲ್ಲಿ 162 ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ತುಮರಿಯ ಲಾಂಚ್ ನೆನಪಿಸಿಕೊಳ್ಳಿ.

ಯಾರಿಗೆ ಇದು? ಆರು ವಾರಕ್ಕಿಂತ ಜಾಸ್ತಿ ಸಮಯ ಇದ್ದು, ಇಂಗ್ಲಿಷ್ ಪತ್ರಿಕೆ ದಿನಾ ಓದುವವರಿಗೆ. ಪರೀಕ್ಷೆಗಳಲ್ಲಿ ಖಂಡಿತ ಉಪಯೋಗಕ್ಕೆ ಬರುತ್ತದೆ. ತೊಂದರೆ ಏನೆಂದರೆ ನೀವು ಬರೆದಿದ್ದು ಮುಂದಿನ ತಿಂಗಳಿಗೆ ಹಳತಾಗಬಹುದು. ಸೆಮಿನಾರ್ ದಿನದ ಬೆಳಿಗ್ಗೆಯೂ ಪೇಪರ್ ತಿರುವಿ ಹಾಕಬೇಕು.

ಭಾರತ–ಮಧ್ಯಪ್ರಾಚ್ಯ–ಯುರೋಪ್ ಕಾರಿಡಾರ್

2023ರ ಸೆಪ್ಟೆಂಬರ್ 9ರಂದು ದೆಹಲಿಯ ಜಿ20 ಸಭೆಯಲ್ಲಿ ಘೋಷಣೆಯಾಗಿದ್ದು ಇದು. ಇಲ್ಲಿಂದ ಹಡಗಿನಲ್ಲಿ ಯುಎಇ, ಅಲ್ಲಿಂದ ರೈಲಿನಲ್ಲಿ ಸೌದಿ, ಜೋರ್ಡಾನ್, ಇಸ್ರೇಲ್, ಮತ್ತೆ ಹಡಗಿನಲ್ಲಿ ಯುರೋಪ್. ಒಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 7ಕ್ಕೆ, ಇಸ್ರೇಲ್–ಹಮಾಸ್ ಯುದ್ಧ ಶುರುವಾಯಿತು. ಸೌದಿ ಮತ್ತು ಇಸ್ರೇಲ್ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲ. ತಮ್ಮನ್ನು ಬಿಟ್ಟು ಕಾರಿಡಾರ್ ಇಲ್ಲ ಎಂದು ಟರ್ಕಿ ಅಧ್ಯಕ್ಷ ಎರ್ಡೊಗನ್ ಆಗಲೇ ತಕರಾರು ಎತ್ತಿದ್ದರು. ಸಹಿಯಾದ ಕಾಗದದಲ್ಲೂ ಇದರಿಂದ ಯಾರಿಗೂ ಕಾನೂನಿನ ಹೊಣೆ ಬರುವುದಿಲ್ಲ ಎಂದೇ ಇದೆ. ಅಂದರೆ ಇದು ಸದ್ಯ ನಕ್ಷೆಯ ಮೇಲಿನ ದಾರಿ.

ಆದರೂ ಚಿಕ್ಕಮಗಳೂರು, ಮೂಡಿಗೆರೆ ಕಡೆಯವರಿಗೆ ನಾನು ಇದನ್ನು ಬೇಡ ಎನ್ನುವುದಿಲ್ಲ. ನಮ್ಮ ಕಾಫಿಗೆ ಬಹಳ ದೊಡ್ಡ ಗಿರಾಕಿ ಇಟಲಿ. ಆ ಕಾಫಿ ಹಡಗು ಹತ್ತಿ ಸೂಯೆಜ್ ಕಾಲುವೆ ದಾಟಿ ಹೋಗಬೇಕು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಅಡ್ಡ ಸಿಕ್ಕಿಕೊಂಡು ಕಾಲುವೆ ಆರು ದಿನ ಮುಚ್ಚಿತ್ತು. 2023ರ ನವೆಂಬರ್‌ನಿಂದ ಯೆಮೆನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಎಷ್ಟೋ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋದವು. ದಿನಗಳೂ ಹೆಚ್ಚಾದವು, ಬಾಡಿಗೆಯೂ ಏರಿತು. ಈ ಭಾಗವನ್ನು ಕಾಫಿ ಮೂಟೆಯಿಂದ ಶುರುಮಾಡಿ ಹೇಳಿದರೆ ಕೇಳುವವರು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ. ಎರಡು ವಾರದಲ್ಲಿ ಮುಗಿಸಬಹುದಾದ ವಿಷಯ. ಆಳಕ್ಕೆ ಇಳಿಯಲು ಮಾತ್ರ ಇನ್ನೂ ನೆಲವೇ ಇಲ್ಲ.

ಸಿಪೆಕ್

ಚರ್ಚಾ ಸ್ಪರ್ಧೆಗೆ ಹೋಗುವವರೆಲ್ಲ ಇದನ್ನೇ ಬೇಕು ಎನ್ನುತ್ತಾರೆ. ಚೀನಾದ ಕಾಶ್ಗರ್‌ನಿಂದ ಪಾಕಿಸ್ತಾನದ ಗ್ವಾದರ್ ಬಂದರಿಗೆ ಸುಮಾರು 3,000 ಕಿಲೋಮೀಟರ್. 2015ರಲ್ಲಿ ಘೋಷಣೆಯಾದಾಗ ಹೇಳಿದ ಮೊತ್ತ 46 ಶತಕೋಟಿ ಡಾಲರ್. ಭಾರತದ ತಕರಾರು ಹಣದ ಬಗ್ಗೆ ಅಲ್ಲ, ನೆಲದ ಬಗ್ಗೆ. ದಾರಿ ಹೋಗುವುದು ಗಿಲ್ಗಿಟ್–ಬಾಲ್ಟಿಸ್ತಾನದ ಮೇಲೆ. ಅದು ನಮ್ಮದು ಎನ್ನುವುದು ಭಾರತದ ನಿಲುವು. 1963ರಲ್ಲಿ ಪಾಕಿಸ್ತಾನ ಚೀನಾಕ್ಕೆ ಬಿಟ್ಟುಕೊಟ್ಟ ಶಾಕ್ಸ್‌ಗಾಮ್ ಕಣಿವೆಯ ಮಾತೂ ಇಲ್ಲೇ ಬರುತ್ತದೆ. ಇಂಥ ದಾರಿಗಳ ಚೀನಾದ ‘ಬೆಲ್ಟ್ ಅಂಡ್ ರೋಡ್’ ಯೋಜನೆಯ ಬಗ್ಗೆ 2017ರಲ್ಲಿ ಬೀಜಿಂಗ್‌ನಲ್ಲಿ ನಡೆದ ದೊಡ್ಡ ಸಭೆಗೆ ಭಾರತ ಹೋಗಲಿಲ್ಲ.

ಇಲ್ಲಿ ನನಗೊಂದು ಕಳವಳ ಇದೆ. ಈ ವಿಷಯ ತೆಗೆದುಕೊಂಡ ಮಕ್ಕಳು ವೇದಿಕೆ ಹತ್ತಿ ಜೋರಾಗಿ ಮಾತಾಡಿ ಚಪ್ಪಾಳೆ ತಗೊಂಡು ಇಳಿಯುತ್ತಾರೆ. ಗ್ವಾದರ್ ಮೀನುಗಾರರ ಬದುಕು ಏನಾಯಿತು, ಬಲೂಚಿಸ್ತಾನದಲ್ಲಿ ಈ ಯೋಜನೆಗೆ ಇಷ್ಟು ವಿರೋಧ ಏಕೆ ಎಂದು ತೀರ್ಪುಗಾರರು ಕೇಳಿದರೆ ಉತ್ತರ ಇರುವುದಿಲ್ಲ. ಸಿಪೆಕ್ ಆರಿಸಿಕೊಂಡರೆ ಅಷ್ಟನ್ನೂ ಓದಿ. ಎದುರು ಪಕ್ಷದ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಲು ಬಂದರೆ ಮಾತ್ರ ವೇದಿಕೆ ಹತ್ತಿ.

ಮ್ಯಾನ್ಮಾರ್ ಕಡೆಯ ಎರಡು ದಾರಿ

ಒಂದು, ಮಣಿಪುರದ ಮೋರೆಯಿಂದ ಥಾಯ್ಲೆಂಡಿನ ಮೇ ಸೋತ್‌ವರೆಗೆ ಸುಮಾರು 1,360 ಕಿಲೋಮೀಟರ್ ಹೆದ್ದಾರಿ. ಇನ್ನೊಂದು ಕಲಾದಾನ್ ಯೋಜನೆ. ಕೋಲ್ಕತ್ತಾದಿಂದ ಸಿತ್ವೆ ಬಂದರಿಗೆ ಹಡಗು, ಅಲ್ಲಿಂದ ಪಾಲೆತ್ವಾಗೆ ಹೊಳೆಯಲ್ಲಿ ದೋಣಿ, ಅಲ್ಲಿಂದ ಮಿಜೋರಾಂಗೆ ರಸ್ತೆ. ಸಿತ್ವೆಗೆ ಮೊದಲ ಹಡಗು ಬಂದಿದ್ದು 2023ರ ಮೇ ತಿಂಗಳಲ್ಲಿ. 2024ರ ಜನವರಿಯಲ್ಲಿ ಪಾಲೆತ್ವಾ ಅರಾಕಾನ್ ಆರ್ಮಿ ಎಂಬ ಬಂಡುಕೋರ ಗುಂಪಿನ ಕೈಗೆ ಹೋಯಿತು.

ಈ ದಾರಿಯ ಸಮಸ್ಯೆ ಉಳಿದವುಗಳಂಥದ್ದಲ್ಲ. ಒಪ್ಪಂದ ಮಾಡಿಕೊಂಡಿದ್ದು ಒಂದು ಸರ್ಕಾರದ ಜೊತೆ. 2021ರ ಫೆಬ್ರವರಿ 1ರ ಸೇನಾ ದಂಗೆಯ ನಂತರ ನೆಲ ಮಾತ್ರ ಬೇರೆಬೇರೆಯವರ ಹಿಡಿತದಲ್ಲಿದೆ. ದಣಪೆಗೆ ನಾಲ್ಕು ಬೀಗ, ಒಂದೊಂದು ಕೀಲಿ ಒಬ್ಬೊಬ್ಬರ ಹತ್ತಿರ. ನಮ್ಮ ಕಡೆಯೂ ಶಾಂತವಾಗಿಲ್ಲ. 2023ರ ಮೇ ತಿಂಗಳಿಂದ ಮಣಿಪುರ ಹೊತ್ತಿ ಉರಿದಿದ್ದನ್ನು ನೋಡಿದ್ದೇವೆ. ಗಡಿಯ ಎರಡೂ ಬದಿಯ ಬುಡಕಟ್ಟು ಜನರು 16 ಕಿಲೋಮೀಟರ್‌ವರೆಗೆ ಸುಲಭವಾಗಿ ಹೋಗಿಬರುತ್ತಿದ್ದ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ 2024ರ ಫೆಬ್ರವರಿಯಲ್ಲಿ ಕೇಂದ್ರ ಹೇಳಿತು.

ನಮ್ಮೂರಿನ ಎಳೆ ಬೇಕಾ? ಅಡಿಕೆ ಮಂಡಿಯಲ್ಲಿ ಒಂದು ಗಂಟೆ ಕೂತುಕೊಳ್ಳಿ. ಮಿಜೋರಾಂ ಗಡಿಯಿಂದ ಕಳ್ಳದಾರಿಯಲ್ಲಿ ಬರುವ ಬರ್ಮಾ ಅಡಿಕೆಯ ಮಾತು ತಾನಾಗಿ ಬರುತ್ತದೆ. ಸರ್ಕಾರದ ಹೆದ್ದಾರಿ ಮುಗಿಯದ ಗಡಿಯಲ್ಲೇ ಅಡಿಕೆಗೆ ದಾರಿ ಸಿಕ್ಕಿದೆ! ಎಂ.ಎ. ವಿದ್ಯಾರ್ಥಿಗಳಿಗೆ, ಸಂಶೋಧನೆಗೆ ಹೋಗುವ ಆಸೆ ಇರುವವರಿಗೆ ಒಳ್ಳೆಯ ವಿಷಯ. ಡಿಗ್ರಿ ಎರಡನೇ ವರ್ಷದವರು ಕೈಹಾಕಿದರೆ ಗುಂಪುಗಳ ಹೆಸರು ನೆನಪಿಟ್ಟುಕೊಳ್ಳುವುದರಲ್ಲೇ ಎರಡು ವಾರ ಹೋಗುತ್ತದೆ.

ಬಾಂಗ್ಲಾ, ನೇಪಾಳ, ಭೂತಾನ್: ಹತ್ತಿರದ ದಾರಿಗಳು

ಇದನ್ನು ಕೊನೆಗೆ ಇಟ್ಟುಕೊಂಡಿದ್ದು ಬೇಕೆಂದೇ. ಹೊಸನಗರದ ಹುಡುಗಿಯ ಪಟ್ಟಿಯಲ್ಲೂ ಇದು ಐದನೆಯದಾಗಿತ್ತು. ಪಕ್ಕದಲ್ಲಿ ‘ಇದು ಚಿಕ್ಕದಲ್ವಾ?’ ಅಂತ ಬರೆದಿದ್ದಳು.

ಚಿಕ್ಕದು ಹೌದು. ಸಿಲಿಗುರಿ ಹತ್ತಿರ ನಮ್ಮ ದೇಶ ಸುಮಾರು 22 ಕಿಲೋಮೀಟರ್ ಅಗಲಕ್ಕೆ ಸೊರಗುತ್ತದೆ. ಈಶಾನ್ಯ ರಾಜ್ಯಗಳಿಗೆ ನೆಲದ ಮೇಲೆ ಅದೊಂದೇ ಬಾಗಿಲು. ಅಗರ್ತಲಾದಿಂದ ಕೋಲ್ಕತ್ತಾಗೆ ಅಲ್ಲಿಂದ ಸುತ್ತಿ ಬಂದರೆ ಸುಮಾರು 1,600 ಕಿಲೋಮೀಟರ್. ಬಾಂಗ್ಲಾದೇಶದ ಒಳಗಿಂದ ಬಂದರೆ ಅದರ ಮೂರನೇ ಒಂದು ಭಾಗದಷ್ಟೇ. ಮೊದಲು ಆ ಕಡೆ ರೈಲುಗಳು ಓಡಾಡುತ್ತಿದ್ದವು. 1965ರ ಯುದ್ಧದಲ್ಲಿ ನಿಂತವು. ಅಗರ್ತಲಾ–ಅಖೌರಾ ರೈಲು ಮಾರ್ಗ ಉದ್ಘಾಟನೆಯಾಗಿದ್ದು 2023ರ ನವೆಂಬರ್ 1ಕ್ಕೆ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿತ್ತು. 2025ರ ಏಪ್ರಿಲ್‌ನಲ್ಲಿ, ಬಾಂಗ್ಲಾದ ಸರಕು ನಮ್ಮ ಬಂದರು, ವಿಮಾನ ನಿಲ್ದಾಣಗಳ ಮೂಲಕ ಬೇರೆ ದೇಶಗಳಿಗೆ ಹೋಗಲು ಕೊಟ್ಟಿದ್ದ ಸೌಲಭ್ಯವನ್ನು ಭಾರತ ಹಿಂತೆಗೆದುಕೊಂಡಿತು. ಗಮನಿಸಿ, ಈ ಸಲ ದಣಪೆ ಮುಚ್ಚಿದವರು ನಾವು.

ನೇಪಾಳದವರ ಮನಸ್ಸಿನಲ್ಲೂ ಇದೇ ಇದೆ. 1989ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಭಾರತ ಎರಡನ್ನು ಬಿಟ್ಟು ಉಳಿದ ಗಡಿ ದಾರಿಗಳನ್ನೆಲ್ಲ ಮುಚ್ಚಿತು. 2015ರಲ್ಲಿ ಮತ್ತೆ ತಿಂಗಳುಗಟ್ಟಲೆ ಸರಕು ನಿಂತಿತು. ಅದು ದಿಗ್ಬಂಧನ ಎಂದು ನೇಪಾಳ ಹೇಳಿತು. ನೇಪಾಳದ ದಕ್ಷಿಣದ ಬಯಲಾದ ತರಾಯಿಯ ಜನರ ಪ್ರತಿಭಟನೆಯಿಂದ ಹೀಗಾಗಿದೆ ಎಂದು ಭಾರತ ಹೇಳಿತು. 2016ರಲ್ಲಿ ನೇಪಾಳ ಚೀನಾದ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಬೀಗ ಬಿದ್ದ ಮನೆಯವರು ಇನ್ನೊಂದು ದಾರಿ ಹುಡುಕುತ್ತಾರೆ, ಎಷ್ಟೇ ದೂರವಾದರೂ.

ಭೂತಾನ್‌ನ ಕಥೆ ಬೇರೆ. ನಾಲ್ಕು ದೇಶಗಳ ವಾಹನಗಳು ಗಡಿ ದಾಟಿ ಓಡಾಡಲಿ ಎಂದು 2015ರಲ್ಲಿ ಥಿಂಫುವಿನಲ್ಲೇ ಒಪ್ಪಂದವಾಯಿತು. ಮರುವರ್ಷ ಭೂತಾನ್‌ನ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಹೊರಗಿನ ಲಾರಿಗಳು ತುಂಬಿಕೊಂಡರೆ ಪುಟ್ಟ ಬೆಟ್ಟದ ದೇಶ ತಡೆಯುತ್ತದಾ ಎನ್ನುವ ಭಯ ಅಲ್ಲಿತ್ತು. ಘಾಟಿ ರಸ್ತೆ ಅಗಲ ಮಾಡುವ ಮಾತು ಬಂದಾಗಲೆಲ್ಲ ನಮ್ಮ ಕಡೆಯೂ ಇಂಥ ಪ್ರಶ್ನೆ ಏಳುತ್ತದೆ. ಇನ್ನು 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಕನಿಷ್ಠ ಆಮದು ಬೆಲೆಯ ಷರತ್ತು ಇಲ್ಲದೆ, ಜೈಗಾಂವ್ ದಾರಿಯಲ್ಲಿ ತರಲು ಕೇಂದ್ರ ಬಿಟ್ಟಿತು. ಬೆಳೆಗಾರರು ಕಂಗಾಲಾದರು. ಮರುವರ್ಷ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಗಡಿಯ ಒಂದು ಗೇಟಿಗೂ ಶಿವಮೊಗ್ಗದ ರಾಶಿ ಅಡಿಕೆ ಧಾರಣೆಗೂ ಸಂಬಂಧ ಹುಡುಕಬೇಕೆಂದಿದ್ದರೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದಿಲ್ಲ.

ಈಗ ನನಗೆ ಬಹಳ ಇಷ್ಟವಾದದ್ದು: ತೀನ್ ಬಿಘಾ. ಬಾಂಗ್ಲಾದೇಶದ ದಹಗ್ರಾಮ–ಅಂಗರ್‌ಪೋತಾ ಎಂಬ ಜಾಗದ ಸುತ್ತಲೂ ಭಾರತ. ಅಲ್ಲಿಂದ ತಮ್ಮದೇ ದೇಶಕ್ಕೆ ಹೋಗಲು ನಮ್ಮ ನೆಲದ ಒಂದು ಪಟ್ಟಿ ದಾಟಬೇಕು. 178 ಮೀಟರ್ ಉದ್ದ, 85 ಮೀಟರ್ ಅಗಲ. ನಮ್ಮ ಊರ ಶಾಲೆಯ ಮೈದಾನದಷ್ಟು. ಅದನ್ನು ಬಿಟ್ಟುಕೊಡುವ ಮಾತಾಗಿದ್ದು 1974ರಲ್ಲಿ, ಇಂದಿರಾ ಗಾಂಧಿ ಮತ್ತು ಬಾಂಗ್ಲಾದ ಪ್ರಧಾನಿ ಮುಜೀಬ್ ಒಪ್ಪಂದದಲ್ಲಿ. ತೆರೆದದ್ದು 1992ರ ಜೂನ್ 26ಕ್ಕೆ, ಅದೂ ಹಗಲು ಕೆಲವು ಗಂಟೆ ಮಾತ್ರ. ರಾತ್ರಿ ಜ್ವರ ಏರಿದರೂ, ಹೆರಿಗೆ ನೋವು ಬಂದರೂ ಬೆಳಗಾಗುವವರೆಗೆ ಕಾಯಬೇಕು. 24 ಗಂಟೆ ತೆರೆದದ್ದು 2011ರಲ್ಲಿ. ಒಂದು ಮೈದಾನದಷ್ಟು ದಾರಿಗೆ 37 ವರ್ಷ. ಅದೇ ಪಟ್ಟಿಯನ್ನು ಭಾರತದ ರಸ್ತೆಯೂ ಅಡ್ಡ ಹಾಯುತ್ತದೆ. ಒಂದೇ ನೆಲದಲ್ಲಿ ಎರಡು ದೇಶದವರು ಕತ್ತರಿ ಹಾಕಿದಂತೆ ಓಡಾಡುತ್ತಾರೆ.

ನಾಲ್ಕು ವಾರ ಇದ್ದು, ಕನ್ನಡದಲ್ಲೇ ಮಂಡಿಸಬೇಕೆಂದಿರುವ ಡಿಗ್ರಿ ವಿದ್ಯಾರ್ಥಿಗಳಿಗೆ ನಾನು ಕೊಡುವುದು ಈ ಐದನೆಯದನ್ನೇ. ದಣಪೆ ಕಣ್ಣಿಗೆ ಕಾಣುತ್ತದೆ. ಯಾರು ಮುಚ್ಚಿದರು, ಯಾರು ತೆರೆದರು, ಯಾವ ವರ್ಷ ಎಂದು ಬೆರಳಿಟ್ಟು ತೋರಿಸಬಹುದು. ಖರ್ಚೂ ಇಲ್ಲ, ಒಂದು ಭಾರತದ ನಕ್ಷೆ, ಲೈಬ್ರರಿಯ ಹಳೆಯ ಪೇಪರ್‌ಗಳು ಸಾಕು. ಕೆಎಎಸ್‌ಗೆ ಕೂರುವವರು ಇದರ ಜೊತೆಗೆ ಚಾಬಹಾರ್ ಸೇರಿಸಿಕೊಳ್ಳಿ. ಒಂದರಲ್ಲಿ ನಾವು ದಾರಿ ಕೇಳುವವರು, ಇನ್ನೊಂದರಲ್ಲಿ ಕೊಡುವವರು. ಎರಡನ್ನೂ ಬರೆಯಬಲ್ಲವರ ಉತ್ತರಕ್ಕೆ ತೂಕ ಬೇರೆಯೇ ಇರುತ್ತದೆ.

ಇಷ್ಟಾದರೂ ತೀರ್ಮಾನ ಆಗಲಿಲ್ಲವೇ? ಅರ್ಧ ಗಂಟೆ ಕೊಡಿ. ಪುಸ್ತಕ, ಫೋನು ಮುಚ್ಚಿಟ್ಟು, ನಿಮಗೆ ಇಷ್ಟವಾದ ಎರಡು ದಾರಿಗಳನ್ನು ಬಿಳಿ ಹಾಳೆಯ ಮೇಲೆ ಸುಮ್ನೆ ನೆನಪಿನಿಂದ ಗೀಚಿ. ದಣಪೆ ಎಲ್ಲೆಲ್ಲಿದೆ ಎಂದು ಗುರುತು ಹಾಕಿ, ಪಕ್ಕದಲ್ಲಿ ಕೀಲಿ ಯಾರ ಹತ್ತಿರ ಇದೆ ಎಂದು ಬರೆಯಿರಿ. ಯಾವ ಹಾಳೆಯಲ್ಲಿ ಮೂರು ಗುರುತಾದರೂ ಬಿತ್ತೋ ಆ ವಿಷಯ ನಿಮ್ಮದು. ಹೊಸನಗರದ ಹುಡುಗಿಗೂ ಇದನ್ನೇ ಹೇಳಿದ್ದೇನೆ. ಭಾನುವಾರ ಸಂಜೆಯೊಳಗೆ ಹಾಳೆಯ ಫೋಟೋ ಕಳಿಸುತ್ತಾಳಂತೆ.